ಮಸ್ತಾನ್ ಮಾಡಿದ ಬಿಳಿ ತೊಟ್ಟಿಲು

ಹೊಸಕೋಟೆಯ ಮಸ್ತಾನ್‌ಗೆ ಮರದ ಕೆಲಸ ಬಂದದ್ದು ಅಪ್ಪನಿಂದ. ಅಪ್ಪ ಅನುಗೊಂಡನಹಳ್ಳಿ ಕಡೆಯ ರೈತರಿಗೆ ನೇಗಿಲು, ನೊಗ ಮಾಡಿಕೊಡುತ್ತಿದ್ದವನು. ಮಗನ ಕಾಲಕ್ಕೆ ನೊಗ ಕೇಳುವವರೇ ಇರಲಿಲ್ಲ. ಮಸ್ತಾನ್ ಬಾಗಿಲು, ಕಿಟಕಿ, ಮಂಚ ಮಾಡುತ್ತ ತಗಡಿನ ಶೆಡ್ಡೊಂದರಲ್ಲಿ ಮೂವತ್ತು ವರ್ಷ ಕಳೆದ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುವುದಿಲ್ಲ ಅನ್ನುವ ಮಾತು ಊರಲ್ಲಿತ್ತು.

ಅವನ ಐವತ್ತನೆಯ ವಯಸ್ಸಿಗೆ ಅಶೋಕ್ ಗಂಟುಬಿದ್ದ. ಮನೆಗಳ ಒಳಾಂಗಣ ಮಾಡಿಕೊಡುವ ಗುತ್ತಿಗೆ ಹಿಡಿಯುತ್ತಿದ್ದ ಹುಡುಗ, ಮಾತಿನಲ್ಲಿ ಮಹಾ ಚುರುಕು.

"ಮಸ್ತಾನ್ ಭಾಯ್, ಈಗೆಲ್ಲ ಸ್ಕ್ಯಾಂಡಿನೇವಿಯನ್ ಸ್ಟೈಲೇ ನಡೀತಿರೋದು. ಎಲ್ಲಾ ಬೆಳ್ಳಗಿರ್ಬೇಕು, ಸಿಂಪಲ್ಲಾಗಿರ್ಬೇಕು. ಕೆತ್ತನೆ ಗಿತ್ತನೆ ಏನೂ ಬೇಡ," ಅಂದ.

ಅವನು ತೋರಿಸಿದ ಚಿತ್ರಗಳು ಮಸ್ತಾನ್‌ಗೆ ನಿಜಕ್ಕೂ ಹಿಡಿಸಿದವು. ನೇರ ಗೆರೆ, ತೆಳು ಕಾಲು, ಮರ ಮರವಾಗಿಯೇ ಕಾಣುವ ಕೆಲಸ. ಹೂಬಳ್ಳಿ ಕೆತ್ತಿದರೆ ತಪ್ಪು ಅದರೊಳಗೆ ಅಡಗಿಬಿಡುತ್ತದೆ, ಬರೀ ಗೆರೆಯಲ್ಲಿ ಅಡಗುವುದಿಲ್ಲ. ಆ ಚಿತ್ರದಲ್ಲಿನ ಕುರ್ಚಿ ಮಾಡಿದವನು ಯಾವ ದೇಶದವನೋ, ಕೈ ಪಳಗಿದವನು ಎಂದುಕೊಂಡ.

ಆದರೆ ಅಶೋಕ್ ತಂದುಹಾಕಿದ ಮರ ಬೇರೆ ಕತೆ ಹೇಳುತ್ತಿತ್ತು. ಸುತ್ತಮುತ್ತಲ ಗೋದಾಮುಗಳಿಗೆ ಹೊರದೇಶದಿಂದ ಸಾಮಾನು ಬರುವ ಪೈನ್ ಮರದ ಪೆಟ್ಟಿಗೆಗಳಿವೆಯಲ್ಲ, ಗುಜರಿಯವರು ಅವನ್ನು ಒಡೆದು ಮಾರುವ ಹಲಗೆಗಳು ಅವು. ಮೊಳೆ ಕಿತ್ತು, ತೂತು ಮುಚ್ಚಿ, ಉಜ್ಜಿ, ಬೆಳ್ಳಗೆ ಮಾಡಿ ಕೊಟ್ಟರೆ ಅಶೋಕ್ ಗಿರಾಕಿಗಳ ಮುಂದೆ ಅದನ್ನು "ಸ್ವೀಡನ್ ಮರ" ಅನ್ನುತ್ತಿದ್ದ. ಮೊದಲ ಸಲ ಆ ಮಾತು ಕೇಳಿದಾಗ ಮಸ್ತಾನ್‌ನ ಬಾಯಿ ಕಹಿಯಾಯಿತು. ಹಲಗೆ ಗಟ್ಟಿಯಾಗಿಯೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡು ಕೆಲಸ ಮುಂದುವರಿಸಿದ.

ಅನುಗೊಂಡನಹಳ್ಳಿ ರಸ್ತೆಯ ಹೊಸ ಬಡಾವಣೆಯಲ್ಲಿ ಪ್ರಮೋದಾ ಎಂಬಾಕೆಯ ಮನೆ ಹಾಗೆ ಸಿಂಗಾರವಾಯಿತು. ಕಾಲೇಜಿನಲ್ಲಿ ಪಾಠ ಹೇಳುವಾಕೆ, ಏಳು ತಿಂಗಳ ಬಸುರಿ. ಕಪಾಟು ಜೋಡಿಸಲು ಹೋದ ಮಸ್ತಾನ್ ಅಲ್ಲಿ ಕಂಡದ್ದು ನೋಡಿ ಮುಖ ಕಿವುಚಿದ. ಫ್ಯಾನ್ ನಿಲ್ಲಿಸಿದರೆ ಬೆವರಿಳಿಯುವ ಹಾಲಿನಲ್ಲಿ ಕುರ್ಚಿಗಳಿಗೆಲ್ಲ ಸುಳ್ಳು ಕುರಿತುಪ್ಪಳ ಹೊದಿಸಿದ್ದರು, ಆಗಲೇ ಅದರಲ್ಲಿ ಧೂಳು ಗಂಟುಕಟ್ಟಿತ್ತು. ಗೋಡೆಯಲ್ಲಿ ಚಳಿದೇಶದವರು ಮೈ ಕಾಯಿಸಿಕೊಳ್ಳುವಂಥ, ಬೆಂಕಿಯಿಲ್ಲದ ಒಂದು ಒಲೆ, ಅದರೊಳಗೆ ಪ್ಲಾಸ್ಟಿಕ್ ಸೌದೆ. ಹೂದಾನಿಯಲ್ಲಿ ನೀಲಗಿರಿ ಸೊಪ್ಪು ಇತ್ತು, ಮುಟ್ಟಿದರೆ ಅದೂ ಪ್ಲಾಸ್ಟಿಕ್. ಕಾಂಪೌಂಡಿನಾಚೆ ನೀಲಗಿರಿ ತೋಪು ಗಾಳಿಗೆ ಸುಯ್ಯೆನ್ನುತ್ತಿತ್ತು. ಇದನ್ನೆಲ್ಲ ಆರಿಸಿ ತಂದವನು ಅಶೋಕ್. ಆ ಚಿತ್ರಗಳಲ್ಲಿದ್ದ ನೇರ ಗೆರೆಗೂ ಈ ಕಸಕ್ಕೂ ಏನು ಸಂಬಂಧವೋ ಮಸ್ತಾನ್‌ಗೆ ತಿಳಿಯಲಿಲ್ಲ.

ಕೊನೆಯದಾಗಿ ಬಂದದ್ದು ಮಗುವಿನ ತೊಟ್ಟಿಲು. ತೂಗುವಂಥದ್ದಲ್ಲ, ನಾಲ್ಕು ಕಾಲಿನ ಮೇಲೆ ನಿಲ್ಲುವ, ಸುತ್ತ ಮರದ ಸರಳಿರುವ ತೊಟ್ಟಿಲು. ಅದಕ್ಕೆಂದು ಬಂದ ಹಲಗೆಗಳ ಮೇಲೆ ಹಳದಿ ಕಲೆ ಹರಡಿತ್ತು. ಉಜ್ಜುಗೊರಡು ಆಡಿಸುತ್ತಿದ್ದಂತೆ ವಾಸನೆ ಎದ್ದಿತು. ಟೊಮೇಟೊ ತೋಟಕ್ಕೆ ಔಷಧಿ ಹೊಡೆದ ದಿನ ಬರುತ್ತದಲ್ಲ, ಅದೇ, ಅದರ ಹತ್ತರಷ್ಟು. ಕಣ್ಣು ಉರಿದು ನೀರು ಬಂತು. ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ಬಿಸಿಲಿಗಿಟ್ಟರೆ ಎಣ್ಣೆಯಂತೆ ಜಿನುಗಿತು. ಮಧ್ಯಾಹ್ನ ಅನ್ನ ಕಲಸಲು ಕೈಯಿಟ್ಟರೆ ಬೆರಳಿನ ನಾತ ಅನ್ನಕ್ಕೆ ಹತ್ತಿತು. ತಟ್ಟೆಯಲ್ಲಿದ್ದುದನ್ನು ನಾಯಿಗೂ ಹಾಕದೆ ಚರಂಡಿಗೆ ಸುರಿದು ಅಶೋಕ್‌ಗೆ ಫೋನ್ ಮಾಡಿದ.

ಅಶೋಕ್ ಬಂದು ಮೂಸಿ ನೋಡಿ ನಕ್ಕ. "ಔಷಧಿ ಡ್ರಮ್ ಬಂದಿದ್ದ ಪೆಟ್ಟಿಗೆ ಇರ್ಬೇಕು. ಎರಡು ಕೋಟ್ ಪ್ರೈಮರ್ ಹೊಡೆದು ಮೇಲೆ ಬಿಳಿ ಬಣ್ಣ ಬಳೀರಿ. ವಾಸನೆ ಅಲ್ಲೇ ಸಾಯುತ್ತೆ."

"ಅದ್ರಲ್ಲಿ ಮಲಗೋದು ಹಸುಗೂಸು ಕಣಪ್ಪ."

"ಹುಟ್ಟೋಕೆ ಇನ್ನೂ ಎರಡು ತಿಂಗಳಿದೆ ಭಾಯ್. ಅಷ್ಟ್ರಲ್ಲಿ ಆರೋಗುತ್ತೆ. ನಿಮ್ಮನ್ನ ನಂಬ್ಕೊಂಡು ಇನ್ನೂ ಮೂರು ಮನೆ ಒಪ್ಕೊಂಡಿದೀನಿ."

ಮಸ್ತಾನ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟಿಲು ಮಾಡಿದ, ತನ್ನ ಕೈಯಾರೆ ಬಿಳಿ ಬಳಿದ. ಅಶೋಕ್ ಅದನ್ನು ಹೊತ್ತುಕೊಂಡು ಹೋದ.

ಆಮೇಲಿನ ನಾಲ್ಕು ದಿನ ಅವನಿಗೆ ತನ್ನ ಕೈಯನ್ನು ಕಂಡರೇ ಹೇಸಿಗೆ. ಸೋಪು ಹಾಕಿದ, ಹುಣಸೆಹಣ್ಣು ಹಾಕಿ ಉಜ್ಜಿದ, ಸೀಮೆಎಣ್ಣೆಯಲ್ಲೂ ತೊಳೆದ. ನಮಾಜಿಗೆ ಮುಂಚೆ ಮುಖಕ್ಕೆ ನೀರೆರಚಿಕೊಳ್ಳಲು ಅಂಗೈ ಮೇಲೆತ್ತಿದರೆ ವಾಕರಿಕೆ. ವಾಸನೆ ನಿಜಕ್ಕೂ ಉಳಿದಿತ್ತೋ ಅಥವಾ ತಲೆಯೊಳಗೇ ಕೂತಿತ್ತೋ ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ನೂರುನ್ನೀಸಾ ಬಿಡದೆ ಕೇಳಿದಾಗ ಎಲ್ಲ ಹೇಳಿದ. ಅವಳು ಬೈಯಲಿಲ್ಲ.

"ಮಗು ಹುಟ್ಟೋದು ಆಮೇಲೆ ಇರ್ಲಿ," ಅಂದಳು ಮನೆಮಾತಾದ ಉರ್ದುವಿನಲ್ಲಿ. "ಆ ಬಸುರಿ ಹೆಂಗ್ಸು ಈಗ್ಲೂ ಅದೇ ಮನೇಲಿ ತಾನೇ ಉಸಿರಾಡ್ತಿರೋದು?"

ಮರುದಿನ ಬೆಳಿಗ್ಗೆಯೇ ಮಸ್ತಾನ್ ಪ್ರಮೋದಾಳ ಮನೆಗೆ ಹೊರಟ. ಹೋದರೆ ಅಶೋಕ್ ಅಲ್ಲೇ ಇದ್ದ, ಜಾಹೀರಾತಿಗೆಂದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತೊಟ್ಟಿಲಿನ ಪಕ್ಕ ಸುಗಂಧದ ಮೇಣದಬತ್ತಿ ಉರಿಯುತ್ತಿತ್ತು. ಅದರ ಸಿಹಿ ವಾಸನೆಯೊಳಗೆ ಆ ನಾತ ಸೇರಿ ಇನ್ನೂ ಅಸಹ್ಯವಾಗಿತ್ತು.

"ಹೊಸ ಬಣ್ಣದ ವಾಸನೆ ಅಂದ್ರು ಅಶೋಕ್ ಅವ್ರು," ಅಂದಳು ಪ್ರಮೋದಾ. "ಮೂರು ದಿನದಿಂದ ತಲೆನೋವು."

ಮಸ್ತಾನ್ ಚೀಲದಿಂದ ಉಳಿ ತೆಗೆದು ತೊಟ್ಟಿಲಿನ ಒಂದು ಕಾಲನ್ನು ಕೆರೆದ. ಬಿಳಿಯ ಕೆಳಗೆ ಹಳದಿ ಅಂಟು ಜಿನುಗಿತ್ತು.

"ಹತ್ರ ಬರ್ಬೇಡಿ ಅಮ್ಮ. ಇದು ಸ್ವೀಡನ್ ಮರ ಅಲ್ಲ. ವಿಷದ ಡ್ರಮ್ ಬಂದಿದ್ದ ಪೆಟ್ಟಿಗೆ. ಗೊತ್ತಿದ್ದೂ ಬಣ್ಣ ಬಳಿದೋನು ನಾನೇ."

"ಭಾಯ್, ನಿಮ್ಗೆ ತಲೆ ಕೆಟ್ಟಿದೆಯಾ?" ಅಂದ ಅಶೋಕ್. ಆಮೇಲೆ ಆಕೆಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ಮೇಡಂ, ಇದೊಂದು ಫೋಟೊ ಆಗ್ಲಿ. ನಾಳೇನೇ ಬೇರೆ ತಂದಿಡ್ತೀನಿ."

ಪ್ರಮೋದಾ ಬಚ್ಚಲಿಗೆ ಓಡಿದಳು. ವಾಂತಿ ಮಾಡುವ ಸದ್ದು ಕೇಳಿಸಿತು. ಹೊರಗೆ ಬಂದವಳು ಬಾಯಿ ಒರೆಸಿಕೊಳ್ಳುತ್ತ, "ಇಬ್ರೂ ಆಚೆ ನಡೀರಿ. ಇದನ್ನೂ ಎತ್ಕೊಂಡು ಹೋಗಿ," ಅಂದಳು. ತೊಟ್ಟಿಲು ಹೊತ್ತ ಮಸ್ತಾನ್ ಬಾಗಿಲು ದಾಟುವಾಗ ಮತ್ತೆ ಅಂದಳು: "ನಾಲ್ಕು ದಿನ ಹೆಂಗೆ ಸುಮ್ನಿದ್ರಿ ನೀವು?"

ಅವನು ತೊಟ್ಟಿಲನ್ನು ತನ್ನ ಶೆಡ್ಡಿಗೆ ಸಾಗಿಸಿದ.

ಅಲ್ಲಿ ಅದನ್ನು ತುಂಡುತುಂಡಾಗಿ ಕೊಯ್ದ. ಮತ್ತೆ ಯಾರೂ ಅದರಿಂದ ಏನನ್ನೂ ಮಾಡಬಾರದಲ್ಲ. ಸುಡಲು ಹೊಗೆಯ ಭಯ, ಹೂಳಲು ಬಾವಿ ನೀರಿನ ಭಯ. ಮೂಟೆ ಕಟ್ಟಿಟ್ಟರೆ ಕಸದ ಗಾಡಿಯ ಮುನಿಸ್ವಾಮಿ ಮೂಸಿ ನೋಡಿ, "ಇದನ್ನ ನಾನು ಮುಟ್ಟಲ್ಲ ಗುರು," ಎಂದು ಹೊರಟೇಹೋದ. ಮೂಟೆ ಇವತ್ತಿಗೂ ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಬಿದ್ದಿದೆ.

ಅಶೋಕ್ ಆಮೇಲೆ ಅವನನ್ನು ಕರೆಯಲಿಲ್ಲ, ಕರೆಯಬೇಡಿರೆಂದು ನಾಲ್ಕು ಕಡೆ ಹೇಳಿಯೂ ಬಂದ. ಮಸ್ತಾನ್ ಮತ್ತೆ ಹಳ್ಳಿಯವರ ಬಾಗಿಲು, ಕಿಟಕಿಗೆ ಮರಳಿದ. ಪ್ರಮೋದಾಗೆ ಹೆಣ್ಣುಮಗುವಾಯಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ಬಡಾವಣೆಯ ಕಾವಲುಗಾರ ಮುನಿರಾಜ್ ಹೇಳಿದ. ಮಗು ಎಲ್ಲಿ ಮಲಗುತ್ತದೆ ಎಂದು ಮಸ್ತಾನ್ ಕೇಳಲಿಲ್ಲ.

ಒಂದು ಸಂಜೆ ಮಗಳು ಉಮ್ಮೆ ಹಬೀಬಾ ಫೋನ್ ಮುಂದೆ ಹಿಡಿದು, "ಅಬ್ಬಾ, ಇದು ನೀವು ಮಾಡಿದ್ದಲ್ವಾ?" ಎಂದು ಕೇಳಿದಳು. ಬಿಳಿ ಗೋಡೆ, ಮೇಣದಬತ್ತಿ, ತೊಟ್ಟಿಲು. ಕೆಳಗೆ ಅಶೋಕ್‌ನ ಹೆಸರು, ಅದರ ಜೊತೆಗೆ ನೂರಾರು ಜನರ ಮೆಚ್ಚುಗೆ.

"ನಾನೇ ಮಾಡಿದ್ದು," ಅಂದ ಮಸ್ತಾನ್. ಎದ್ದು ಬಾಗಿಲಾಚೆ ಹೋಗಿ ಉಗುಳಿದ.