ಹಳಿಯ ಸಂದು ಕಾಯುವ ಶರಾಫತ್

ಬೆಳಗಿನ ಐದೂಕಾಲು. ಸಮರ್ಕಂದಿನ ತೂತ್‌ಜೋರ್ ಬೀದಿಗೆ ಮೊದಲ ಟ್ರಾಮ್ ಬರಲು ಇನ್ನೂ ಮುಕ್ಕಾಲು ಗಂಟೆಯಿದೆ. ಹೂವಿನ ರುಮಾಲು ಬಿಗಿದುಕೊಂಡ ಶರಾಫತ್ ಎರ್ಗಶೆವಾ ಹಳಿಯ ಪಕ್ಕ ಬಗ್ಗಿ ನಡೆಯುತ್ತಿದ್ದಾರೆ. ಕೈಯಲ್ಲಿ ಮೊನೆ ಬಾಗಿದ ಕಬ್ಬಿಣದ ಸಲಾಕೆ. ಅದನ್ನು ಗಾಲಿಯ ಅಂಚು ಓಡುವ ಹಳಿಯ ಸಂದಿಗೆ ಇಳಿಸಿ ಎಳೆದರೆ ಮಣ್ಣು, ಹರಳು, ಉದುರಿದ ಹಿಪ್ಪುನೇರಳೆ ಎಲ್ಲ ಒಟ್ಟಿಗೆ ಎದ್ದುಬರುತ್ತವೆ.

"ಏನಕ್ಕಾ, ಹಳಿಗೆ ಹಲ್ಲುಜ್ಜಿಸ್ತಿದ್ದೀಯಾ?" ತಂದೂರಿಗೆ ರೊಟ್ಟಿ ಬಡಿಯುತ್ತಲೇ ಬೊಬೊಮುರೋದ್ ಕಿಚಾಯಿಸುತ್ತಾನೆ.

"ನಿನ್ನ ಹಲ್ಲಿಗಿಂತ ವಾಸಿ ಬಿಡೋ. ಇದು ದಿನಾ ಉಜ್ಜಿಸ್ಕೊಳ್ಳುತ್ತೆ."

ಶರಾಫತಕ್ಕನಿಗೆ ಐವತ್ನಾಲ್ಕು. ಅವರ ಪಾಲಿಗೆ ಬಂದಿರುವುದು ಮೂರು ಕಿಲೋಮೀಟರ್ ದಾರಿ. ಹೋಗುವುದಕ್ಕೆ ಎರಡು ಹಳಿ, ಬರುವುದಕ್ಕೆ ಎರಡು. ಅಂದರೆ ಸಂಜೆಯೊಳಗೆ ಹನ್ನೆರಡು ಕಿಲೋಮೀಟರ್ ಬೆನ್ನು ಬಗ್ಗಿಸಿ ನಡೆದಿರುತ್ತಾರೆ. ಹತ್ತಿ ಗಿರಣಿ ಮುಚ್ಚಿದ ವರ್ಷವೇ ಗಂಡ ತೀರಿಕೊಂಡರು. ಆಗ ಟ್ರಾಮ್ ಕಚೇರಿಯಲ್ಲಿ ಸಿಕ್ಕಿದ್ದು ಈ ಸಲಾಕೆ. ಬಲ ಮೊಣಕಾಲಿಗೆ ಸದಾ ಉಣ್ಣೆಯ ಪಟ್ಟಿ. ಟ್ರಾಮಿನಲ್ಲಿ ಕೂತು ಹೋಗುವ ನಮ್ಮಲ್ಲಿ ಎಷ್ಟು ಜನ ಆಕೆಯ ಮುಖ ನೋಡಿದ್ದೇವೆ? ನಾನೇ ಎರಡು ವರ್ಷ ನೋಡಿರಲಿಲ್ಲ.

ಆರು ವರ್ಷದ ಹಿಂದೆ ಹಳಿ ಪೇಟೆಯವರೆಗೆ ಬಂದಾಗ ಅಲ್ಲಿದ್ದದ್ದು ತಗ್ಗು ಮನೆಗಳು, ಅಗಲದ ಅಂಗಳಗಳು. ಈಗ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟು ದೂರ ನಾಲ್ಕಂತಸ್ತಿನ ಮನೆಗಳ ಸಾಲು. ಕೆಳಗೆ ಔಷಧಿ ಅಂಗಡಿ, ದರ್ಜಿ, ಶಿಶುವಿಹಾರ, ಮೇಲೆ ಸಂಸಾರಗಳು. ಕಾರು ಇಟ್ಟುಕೊಳ್ಳುವ ಗೋಜಿಲ್ಲ. ಹತ್ತು ನಿಮಿಷ ದಾಟಿದರೆ ಮತ್ತೆ ಅದೇ ಅಂಗಳ, ಅಂಗಳದಲ್ಲಿ ಮೇಕೆ. ಇದಕ್ಕೆ ಊರಿನ ನಕ್ಷೆ ಹಾಕುವವರು ಗಂಟೆಗಟ್ಟಲೆ ವಿವರಣೆ ಕೊಟ್ಟಾರು. ಶರಾಫತಕ್ಕನದು ಎರಡೇ ಮಾತು: "ಬಸ್ಸಿಗೇನು, ನಾಳೆ ಬೇರೆ ದಾರಿ ಹಿಡಿಯುತ್ತೆ. ಹಳಿ ನೆಲದಲ್ಲಿ ಹೂತಿರುತ್ತೆ, ಓಡ್ಹೋಗಲ್ಲ. ಅದನ್ನ ನಂಬ್ಕೊಂಡೇ ಜನ ಮನೆ ಮೇಲೆ ಮನೆ ಕಟ್ಟಿದ್ದು."

ತೂತ್‌ಜೋರಿನವರೂ ನಂಬಿದರು. ಹೋದ ವರ್ಷ ಮಾರ್ಚಿನಲ್ಲಿ ಹಳಿ ಇಲ್ಲಿಗೂ ಬಂತು, ಮೂರು ಹೊಸ ನಿಲ್ದಾಣ. ನಲವತ್ತೆರಡು ಕುಟುಂಬಗಳು ಅಂಗಳ ಬಿಟ್ಟುಕೊಟ್ಟು, ಅದೇ ಜಾಗದಲ್ಲಿ ಏಳುವ ಕಟ್ಟಡದಲ್ಲಿ ಮನೆ ಸಿಗಲೆಂದು ಕಾದವು. ಶರಾಫತಕ್ಕನದೂ ಅದರಲ್ಲೊಂದು. ಆದರೆ ಒಂದೇ ತಿಂಗಳಲ್ಲಿ ಏಳು ಸಲ ಟ್ರಾಮಿನ ಗಾಲಿ ಹಳಿಯಿಂದ ಮೇಲೆದ್ದಿತು. ಕೊನೆಯ ಮೂರು ನಿಲ್ದಾಣ ಮುಚ್ಚುತ್ತೇವೆ ಎಂದಿತು ಟ್ರಾಮ್ ಕಚೇರಿ. ಟ್ರಾಮಿಲ್ಲದ ಕಡೆ ನಾಲ್ಕಂತಸ್ತು ಯಾರಿಗೆ ಬೇಕು? ಕಟ್ಟಡ ಕಟ್ಟುತ್ತಿದ್ದವನು ಎರಡನೇ ಮಹಡಿಗೇ ಕ್ರೇನ್ ನಿಲ್ಲಿಸಿದ.

"ಅಂಗಳಾನೂ ಹೋಯ್ತು, ಮನೇನೂ ಇಲ್ಲ. ಬಾಡಿಗೆ ಕೋಣೇಲಿ ಕೂತು ಅತ್ತಿದ್ದೀನಿ, ಸುಳ್ಳ್ಯಾಕೆ ಹೇಳ್ಲಿ. ಆಮೇಲೆ ಅನ್ನಿಸ್ತು, ಅತ್ರೆ ಸಂದು ತೊಳೆಯುತ್ತಾ?"

ದಿನಾ ಎಳೆದ ಸಂದು ಮತ್ತೆ ತುಂಬುವುದು ಹೇಗೆಂದು ಶರಾಫತಕ್ಕ ಮರುದಿನ ಹೊತ್ತು ಮೂಡುವ ಮುಂಚೆ ಬೀದಿಯಲ್ಲಿ ನಿಂತು ನೋಡಿದರು. ಒಂದೊಂದೇ ಬಾಗಿಲು ತೆರೆಯಿತು. ಸೊಸೆಯರು ಹೊರಬಂದು ನೀರು ಚಿಮುಕಿಸಿ, ಮನೆ ಮುಂದಿನ ಬೀದಿ ಗುಡಿಸತೊಡಗಿದರು. ಸೂರ್ಯ ಹುಟ್ಟುವುದರೊಳಗೆ ಬಾಗಿಲು ಗುಡಿಸದ ಸೊಸೆ ನಮ್ಮಲ್ಲಿ ಸೊಸೆಯೇ ಅಲ್ಲ. ಕಸವೆಲ್ಲ ಬಾಗಿಲಿಂದ ಬೀದಿ ನಡುವಿಗೆ, ಅಲ್ಲಿಂದ ನೇರ ಹಳಿಯ ಸಂದಿಗೆ! ಒದ್ದೆ ಮಣ್ಣು ಮಧ್ಯಾಹ್ನದ ಬಿಸಿಲಿಗೆ ಇಟ್ಟಿಗೆಯಾಗಿ ಗಾಲಿಯನ್ನು ಮೇಲೆತ್ತುತ್ತಿತ್ತು. ಕಚೇರಿ ತಿಂಗಳೆಲ್ಲ ಹುಡುಕಿದ ಕಳ್ಳ ನಮ್ಮ ಪೊರಕೆಯೇ ಆಗಿತ್ತು.

ಶರಾಫತಕ್ಕ ಹೆಂಗಸರನ್ನೆಲ್ಲ ಚಹಾಕ್ಕೆ ಕರೆದು, ಇನ್ನು ಮೇಲೆ ಹಳಿಯಿಂದ ಮನೆ ಕಡೆಗೆ ಗುಡಿಸಿ, ಕಸವನ್ನು ಮರದ ಬುಡಕ್ಕೆ ಹಾಕಿ ಎಂದರು. ಬೀದಿಗೆಲ್ಲ ಹಿರಿಯಳಾದ ಜುಲಯ್ಖೋ ಅಜ್ಜಿಗೆ ಉರಿದುಹೋಯಿತು.

"ಕಸಾನ ಮನೆ ಕಡೆಗೆ ಗುಡಿಸೋದಾ? ಮನೆಗೆ ಬರೋ ಭಾಗ್ಯಕ್ಕೆ ಮಣ್ಣು ಹಾಕ್ತೀಯೇನೇ, ತಲೆಕೆಟ್ಟೋಳೇ!"

"ಅಜ್ಜೀ, ಈ ಕಾಲದಲ್ಲಿ ಭಾಗ್ಯ ಬರೋದೇ ಟ್ರಾಮಲ್ಲಿ. ಅದನ್ನೇ ಹಳಿ ತಪ್ಪಿಸಿ ಇನ್ನೇನು ಕತ್ತೆ ಮೇಲೆ ಕರ್ಸ್ತೀಯಾ?"

ಹೆಂಗಸರು ಬಿದ್ದುಬಿದ್ದು ನಕ್ಕರು. ಅಜ್ಜಿ ನಗಲಿಲ್ಲ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆದರೆ ಮಾರನೆಯ ಬೆಳಿಗ್ಗೆ ಸೊಸೆಯ ಕೈಯಿಂದ ಪೊರಕೆ ಕಿತ್ತುಕೊಂಡು, ಎಂಬತ್ತೊಂದರ ಆ ಮುದುಕಿ ತಾನೇ ಹಳಿಯಿಂದ ಮರದ ಬುಡಕ್ಕೆ ಗುಡಿಸಿತು. ಅಜ್ಜಿಯೇ ಗುಡಿಸಿದ ಮೇಲೆ ಉಳಿದವರು ಉಸಿರೆತ್ತುವುದುಂಟೇ!

ಶರಾಫತಕ್ಕ ಕಚೇರಿಗೆ ಹೋಗಿ ಮೂವತ್ತು ದಿನದ ವಾಯಿದೆ ಬೇಡಿ ತಂದರು. ದಿನಕ್ಕೆ ತೊಂಬತ್ತಾರು ಟ್ರಾಮ್, ಮೂವತ್ತು ದಿನ. ಒಂದೇ ಒಂದು ಗಾಲಿ ಮಿಸುಕಲಿಲ್ಲ. ಮೂವತ್ತೊಂದನೆಯ ದಿನ ನಿಲ್ದಾಣಗಳು ಉಳಿದವು ಎಂಬ ಪತ್ರ ಬಂತು, ಅದರ ಮರುದಿನವೇ ಕ್ರೇನ್ ತಿರುಗಿತು. ಬೊಬೊಮುರೋದ್ ಬೀದಿಗೆಲ್ಲ ಪಲೋವ್ ಬೇಯಿಸಿದ. ತಟ್ಟೆ ಹಿಡಿದು ನಿಂತ ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನಿದೆ.

ಈಗ ಶರಾಫತಕ್ಕ ಮೂರನೇ ಮಹಡಿಯಲ್ಲಿದ್ದಾರೆ. ನಲವತ್ತೆರಡು ಸಂಸಾರಗಳೂ ಒಕ್ಕಲು ಬಂದಿವೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಸಲಾಕೆಯನ್ನು ಕಂಬಕ್ಕೆ ಒರಗಿಸಿ, ಹಳಿ ಮುಗಿಯುವ ಕಡೆ ನೋಡಿದರು. ಅದರಾಚೆ ಕೋಶ್‌ಚಿನೋರ್, ತಗ್ಗು ಮನೆಗಳ ಕೇರಿ.

"ಅಲ್ಲಿಗೂ ಎರಡು ನಿಲ್ದಾಣ ಹೋಗ್ಲಿ. ಆ ಸಂದೂ ನಾನೇ ಎಳೀತೀನಿ, ಕಾಲು ಇರೋವರ್ಗೂ," ಎಂದರು. ಆಮೇಲೆ ಮುಖವೆಲ್ಲ ಅರಳಿಸಿಕೊಂಡು ಸೇರಿಸಿದರು: "ಹಳಿ ಅಲ್ಲಿಗೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಆದ್ರೆ ನಾಳೆ ಬೆಳಿಗ್ಗೆ ಹೋಗ್ ನೋಡಮ್ಮಾ, ಆ ಕೇರಿ ಸೊಸೆಯರು ಆಗ್ಲೇ ಮರದ ಬುಡಕ್ಕೆ ಗುಡಿಸ್ತಿದಾರೆ."