ಚಾಚಾ ಊಟಕ್ಕೆ ಹೋದರೆ ಓಣಿಗೆ ನೆಟ್ ಇಲ್ಲ

ಫ್ರೆಂಡ್ಸ್, ನಮ್ಮ ಸವಣೂರಿನ ಓಣಿಯಲ್ಲಿ ದಿನಾ ಮಧ್ಯಾಹ್ನ ಒಂದೂವರೆಗೆ ಹೋಗುವ ನೆಟ್ ಮೂರಕ್ಕೇ ಯಾಕೆ ಬರುತ್ತದೆ ಎಂದು ಇವತ್ತು ಗೊತ್ತಾಯಿತು.

ಎರಡಕ್ಕೆ ನನ್ನ ಆನ್‌ಲೈನ್ ಟೆಸ್ಟ್ ಇತ್ತು. ತಪ್ಪಿದರೆ ಇಂಟರ್ನಲ್ಸ್ ಸೊನ್ನೆ. ಸಬ್ಜೆಕ್ಟ್ ಬೇರೆ ಕಂಪ್ಯೂಟರ್ ನೆಟ್‌ವರ್ಕ್ಸ್! ನಿನ್ನೆ ನೆಟ್‌ನವರಿಗೆ ಫೋನ್ ಮಾಡಿದರೆ, "ಮ್ಯಾಲಿಂದನ ಪ್ರಾಬ್ಲಂ ಐತ್ರಿ, ರೂಟರ್ ಬಂದ್ ಮಾಡಿ ಚಾಲೂ ಮಾಡ್ರಿ" ಎಂದಿದ್ದರು.

ರಾತ್ರಿಯೆಲ್ಲ ಟೆನ್ಷನ್. ಆದರೂ ಬಿಡಬಾರದೆಂದು ಇವತ್ತು ಒಂದೂಕಾಲಿಗೇ ಲ್ಯಾಪ್‌ಟಾಪ್ ಎತ್ತಿಕೊಂಡು, ಮನೆಯಿಂದ ಹೊರಟ ಕೇಬಲ್ಲಿನ ಜಾಡು ಹಿಡಿದು ನಡೆದೆ. ಅದು ಟೇಲರ್ ಚಾಚಾ ಅಂಗಡಿಯ ಗೋಡೆಯಲ್ಲಿದ್ದ ಡಬ್ಬಿಗೆ ಹೋಗಿತ್ತು. ಓಣಿಗೆಲ್ಲ ನೆಟ್ ಹಂಚುವ ಡಬ್ಬಿ ಅದು, ಕರೆಂಟ್ ಮಾತ್ರ ಚಾಚಾ ಅಂಗಡಿಯದು. ನೋಡಿದರೆ ಚಾಚಾ ಮೇನ್ ಸ್ವಿಚ್ಚಿಗೆ ಕೈ ಹಾಕಿದ್ದಾರೆ!

"ಚಾಚಾ, ಬಂದ್ ಮಾಡಬ್ಯಾಡ್ರಿ! ನನ್ನ ಟೆಸ್ಟ್ ಐತಿ."

"ಊಟಕ್ಕ ಹೊಂಟೇನಿ ಬೇಟಿ. ಯಾರೂ ಇಲ್ಲದ ಅಂಗಡ್ಯಾಗ ಕರೆಂಟ್ ಯಾಕ ಸುಡಬೇಕು?"

"ನಾ ಇರ್ತೇನಿ. ನೀವು ಆರಾಮ ಊಟಾ ಮಾಡ್ಕೊಂಡ ಬರ್ರಿ."

ಹೊಲಿಗೆ ಯಂತ್ರದ ಮೇಲೆ ಲ್ಯಾಪ್‌ಟಾಪ್ ಇಟ್ಟು ಟೆಸ್ಟ್ ಮುಗಿಸಿದೆ. ಆಮೇಲೆ ಬಂದ ಒಬ್ಬ ಅಕ್ಕನಿಂದ ಬ್ಲೌಸ್ ಪೀಸ್ ತೆಗೆದುಕೊಂಡು, "ಶುಕ್ರವಾರ ಬರ್ರಿ" ಎಂದೂ ಹೇಳಿಬಿಟ್ಟೆ.

ಊಟ ಮುಗಿಸಿ ಬಂದ ಚಾಚಾ ಹಣೆ ಬಡಿದುಕೊಂಡರು. "ಶುಕ್ರವಾರ ಅಂಗಡಿ ಬಂದ್ ಇರತೈತಲ್ಲ ಬೇಟಿ!"

ಅಂದರೆ ಓಣಿಯ ನೆಟ್ಟೂ ಬಂದ್. ನನ್ನ ಮುಂದಿನ ಟೆಸ್ಟ್ ಶುಕ್ರವಾರವೇ ಇದೆ. ಅಂಗಡಿಯ ಇನ್ನೊಂದು ಕೀಲಿಕೈ ಇಸಿದುಕೊಂಡೇ ಮನೆಗೆ ಬಂದೆ.