ಒಂದು ಖರ್ಜೂರದ ದ್ರೋಹ

ಲಿಂಗರಾಜಪುರದ ಆಂಜನಮ್ಮನವರ ಅಡುಗೆಮನೆಗೆ ಮೊದಲ ಸಲ ಕಾಲಿಟ್ಟವರು ಒಂದು ಗಳಿಗೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಇದು ಅಡುಗೆಮನೆಯೋ, ಬಾರಿನ ಹಿಂಬಾಗಿಲೋ ಎಂಬ ಅನುಮಾನ. ಕೆಳಗಿನ ಹಲಗೆಯ ತುಂಬ ರಮ್ಮಿನ ಬಾಟಲಿಗಳು. ಒಂದರಲ್ಲಿ ಹರಳೆಣ್ಣೆ, ಒಂದರಲ್ಲಿ ಕಡಲೆಕಾಯಿ ಎಣ್ಣೆ, ಇನ್ನೊಂದರಲ್ಲಿ ದೇವರ ದೀಪಕ್ಕೆ ಎಳ್ಳೆಣ್ಣೆ. ದೇವರು ಈವರೆಗೆ ತಕರಾರು ಮಾಡಿಲ್ಲ. ನಡುವಿನ ಹಲಗೆಯಲ್ಲಿ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗಳು. ಅವುಗಳಲ್ಲಿ ರಾಗಿ, ಹುರುಳಿ, ಒಣ ಅವರೆ. ಮುಚ್ಚಳ ಬಿಗಿದರೆ ಹುಳು ಬೀಳುವುದಿಲ್ಲ. ಬಾದಾಮಿ ಹಾಲಿನ ಪುಟ್ಟ ಸೀಸೆಗಳಲ್ಲಿ ಸಾಸಿವೆ, ಮೆಂತ್ಯ, ಲವಂಗ. ಬಾಟಲಿಯ ತಲೆ ಕತ್ತರಿಸಿದರೆ ಅದು ಆಲಿಕೆ. ಬುಡ ಗೋಡೆಗೆ ಮೊಳೆ ಹೊಡೆಸಿಕೊಂಡು ಚಮಚ, ಬಾಚಣಿಗೆ, ಕರೆಂಟು ಬಿಲ್ಲುಗಳನ್ನು ಹೊತ್ತು ನಿಲ್ಲುತ್ತದೆ. ಆ ಮನೆಯಲ್ಲಿ ಒಮ್ಮೆ ಒಳಗೆ ಬಂದ ಬಾಟಲಿಗೆ ನಿವೃತ್ತಿ ಎಂಬುದಿಲ್ಲ.

ಹಿಂದೆ ಈ ಮನೆತನಕ್ಕೆ ಸೊಪ್ಪಿನ ತೋಟವಿತ್ತು, ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ರಾಗಿಯಿತ್ತು. ತೋಟ ಸೈಟಾಯಿತು, ಸೈಟು ಮೂರಂತಸ್ತಿನ ಕಟ್ಟಡವಾಯಿತು, ವಾಡೆಗಳು ಒಡೆದು ಪಾಯದೊಳಗೆ ಹೋದವು. ದವಸ ತುಂಬಿಡುವ ಚಟ ಮಾತ್ರ ಆಂಜನಮ್ಮನವರಲ್ಲಿ ಉಳಿದುಕೊಂಡಿತು. ಅವರ ವಾದ ಸರಳ. "ಕುಡಿಯೋದು ಐದು ನಿಮಿಷ. ಬಾಟ್ಲು ಐವತ್ತು ವರ್ಷ ಇರುತ್ತೆ. ಯಾವುದು ದೊಡ್ಡದು, ನೀವೇ ಹೇಳಿ." ಈ ವಾದ ಅವರ ಯಜಮಾನರಾದ ಮುನಿಆಂಜನಪ್ಪನವರಿಗೆ ಬಹಳ ಹಿಡಿಸಿತ್ತು. ಬೇರೆ ಮನೆಗಳಲ್ಲಿ ಬಚ್ಚಿಟ್ಟು ಕುಡಿಯುವುದನ್ನು ಅವರು ಗೃಹೋಪಯೋಗಿ ಸೇವೆ ಎಂಬ ಧೈರ್ಯದಿಂದ ಕೂತು ಕುಡಿಯುತ್ತಿದ್ದರು. "ಎಣ್ಣೆ ಬಾಟ್ಲು ಕಮ್ಮಿ ಬಿದ್ದಿದ್ಯೇನೇ?" ಎಂದು ಸಂಜೆ ಅವರು ಕೇಳುವ ದನಿಯಲ್ಲಿ ಕರ್ತವ್ಯನಿಷ್ಠೆ ತುಂಬಿ ತುಳುಕುತ್ತಿತ್ತು.

ಇಂಥ ಸಾಮ್ರಾಜ್ಯಕ್ಕೆ ಒಂದು ಸಂವಿಧಾನ ಬೇಡವೇ? ಇತ್ತು. ಅದರಲ್ಲಿ ಒಂದೇ ಕಲಮು: ಒಬ್ಬರ ಮನೆಯಿಂದ ತುಂಬಿ ಬಂದ ಪಾತ್ರೆ ಖಾಲಿಯಾಗಿ ವಾಪಸ್ಸು ಹೋಗಕೂಡದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಪಾತ್ರೆಯನ್ನೇ ವಾಪಸ್ಸು ಕೊಡದವರ ಬಗ್ಗೆ ಆಂಜನಮ್ಮ ಮಾತನ್ನೇ ಆಡುತ್ತಿರಲಿಲ್ಲ. ಅಂಥವರು ಮನುಷ್ಯರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವರ ನಾದಿನಿ ಜಟ್ಟೆಮ್ಮ ಒಮ್ಮೆ ಮಟನ್ ಸಾರು ಹೋಗಿದ್ದ ಡಬ್ಬಿಯನ್ನು ಫಳಫಳ ತೊಳೆದು, ಬರೀ ಖಾಲಿ ಕಳಿಸಿದ್ದರು. ಅದಾದ ಮೇಲೆ ನಡೆದ ಮೊಮ್ಮಗುವಿನ ನಾಮಕರಣಕ್ಕೆ ಜಟ್ಟೆಮ್ಮನಿಗೆ ಕರೆ ಹೋಗಲಿಲ್ಲ. "ತೊಳೆದು ಕಳ್ಸಿದ್ಲಲ್ಲ ಕಣೇ," ಎಂದು ಮುನಿಆಂಜನಪ್ಪ ತಂಗಿಯ ಪರ ವಕಾಲತ್ತು ಮಾಡಿದ್ದರು. "ಆಸ್ಪತ್ರೇಲೂ ತೊಳೀತಾರೆ," ಎಂದು ಆಂಜನಮ್ಮ ತೀರ್ಪು ಕೊಟ್ಟಿದ್ದರು.

ಇನ್ನು ಮೇಲಿನ ಹಲಗೆ. ಅದು ಸಿಂಹಾಸನ. ಅಲ್ಲಿದ್ದದ್ದು ಗುಲಾಬಿ ಶರಬತ್ತಿನ ಗಾಜಿನ ಸೀಸೆಗಳು. ನೀಳ ಮೈ, ಅಗಲ ಭುಜ, ಭುಜದ ಮೇಲೆ ಗಾಜಿನಲ್ಲೇ ಉಬ್ಬಿದ ಒಂದು ಗುಲಾಬಿ. ತೊಗರಿಬೇಳೆ, ಹೆಸರುಕಾಳು, ಅಲಸಂದೆ, ಕೆಂಪಕ್ಕಿ ಎಂದು ಬಣ್ಣದ ಪ್ರಕಾರ ಕಿಟಕಿಯತ್ತ ಸಾಲಾಗಿ ನಿಂತ ಅವುಗಳ ಮೇಲೆ ಬೆಳಗಿನ ಬಿಸಿಲು ಬಿದ್ದರೆ, ಹಲಸೂರಿನ ಮಿಲಿಟರಿ ಪೆರೇಡು ನಾಚಬೇಕು. ಇವೆಲ್ಲ ಬಂದದ್ದು ಪರ್ವೀನ್ ಮನೆಯಿಂದ.

ಪರ್ವೀನ್ ಮತ್ತು ಅವರ ಗಂಡ ನಜೀರ್ ಮೊದಲು ಆಂಜನಮ್ಮನವರ ಕಟ್ಟಡದ ಮೊದಲ ಮಹಡಿಯಲ್ಲೇ ಬಾಡಿಗೆಗಿದ್ದವರು. ನಜೀರ್‌ಗೆ ಶಿವಾಜಿನಗರದಲ್ಲಿ ಒಣಹಣ್ಣಿನ ಅಂಗಡಿ. ಈಗ ಅವರು ಫ್ರೇಜರ್ ಟೌನ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾರೆ. ರಂಜಾನ್ ತಿಂಗಳಲ್ಲಿ ಅವರ ಮನೆಯಲ್ಲಿ ಶರಬತ್ತು ಹೊಳೆಯಾಗಿ ಹರಿಯುತ್ತದೆ. ಹಬ್ಬ ಮುಗಿದ ಮೇಲೆ ಸೀಸೆಗಳು ಉಳಿಯುತ್ತವೆ. ಪ್ರತಿ ವರ್ಷ ಪರ್ವೀನ್ ಅವುಗಳಲ್ಲಿ ಒಂದೆರಡನ್ನು ತೊಳೆದು, ಒಣಗಿಸಿ, ಒಂದೊಂದರೊಳಗೆ ಒಂದೊಂದು ಖರ್ಜೂರ ಹಾಕಿ ಆಂಜನಮ್ಮನಿಗೆ ಕಳಿಸುತ್ತಿದ್ದರು. ಖಾಲಿ ಸೀಸೆ ಕೊಡಬಾರದಲ್ಲ, ಅದಕ್ಕೆ. ಆಂಜನಮ್ಮ ಆ ಖರ್ಜೂರವನ್ನು ಪೊರಕೆಕಡ್ಡಿಯಿಂದ ಮೀಟಿ ತೆಗೆದು ಗಂಡನ ಬಾಯಿಗೆ ಹಾಕಿ, ಸೀಸೆಯನ್ನು ಪಟ್ಟಕ್ಕೇರಿಸುತ್ತಿದ್ದರು.

ವರ್ಷಕ್ಕೆ ಒಂದೆರಡರಂತೆ ಬೆಳೆದ ಸಾಲು ಈ ವರ್ಷ ಕಿಟಕಿಯವರೆಗೂ ಬಂದಿತ್ತು. ಕೊನೆಯಲ್ಲಿ ಎರಡೇ ಎರಡು ಸೀಸೆಯಷ್ಟು ಜಾಗ. "ಈ ರಂಜಾನಿಗೆ ತುಂಬೋಗುತ್ತೆ," ಎಂದು ಆಂಜನಮ್ಮ ಹಾಲಿನವನಿಗೂ ಹೇಳಿದ್ದರು, ಗ್ಯಾಸಿನವನಿಗೂ ಹೇಳಿದ್ದರು. ಹಣ ಕೊಟ್ಟರೆ ಹಳೇ ಸಾಮಾನಿನ ಅಂಗಡಿಯ ಬಷೀರ್ ಅಂಥ ಹತ್ತು ಸೀಸೆ ತಂದು ಸುರಿಯುತ್ತಿದ್ದ. ಆದರೆ ಕೊಂಡ ಸೀಸೆ ಆ ಹಲಗೆಗೆ ಸಲ್ಲುವಂತಿರಲಿಲ್ಲ. ಅದು ಪರ್ವೀನ್ ಸಾಲು.

ದ್ರೋಹ ಬಯಲಾದದ್ದು ನೀರಿನಿಂದ. ಯುಗಾದಿಗೆ ಮೂರ್ನಾಲ್ಕು ದಿನವಿದ್ದಾಗ ಬಚ್ಚಲಿನ ಸೂರು ತೊಟ್ಟಿಕ್ಕತೊಡಗಿತು. ಆಂಜನಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲ ಮಹಡಿಯ ಈಗಿನ ಬಾಡಿಗೆಯ ಹುಡುಗಿ ಹಂಸಳ ಮನೆಗೆ ಹತ್ತಿದರು. ಹಂಸ ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವವಳು. ಬಿಡುವಿನಲ್ಲಿ ಬಣ್ಣ ಹಚ್ಚುವ ಹವ್ಯಾಸ. ಬಾಗಿಲು ತೆರೆಯುತ್ತಲೇ ಆಂಜನಮ್ಮನಿಗೆ ನೀರು, ಸೂರು ಎಲ್ಲ ಮರೆತುಹೋಯಿತು. ಟೀವಿಯ ಪಕ್ಕ ಸಾಲಾಗಿ ಸೀಸೆಗಳು. ಒಂದರ ಮೈಮೇಲೆ ನವಿಲು, ಒಂದರ ಮೇಲೆ ಕಮಲ, ಹೊಟ್ಟೆಯೊಳಗೆ ಮಿಣಮಿಣ ದೀಪದ ಸರ. ಬಣ್ಣ ಎಷ್ಟೇ ದಪ್ಪಗಿದ್ದರೂ ಭುಜದ ಮೇಲಿನ ಉಬ್ಬು ಗುಲಾಬಿ ಆಂಜನಮ್ಮನ ಕಣ್ಣಿಗೆ ಮರೆಯಾಗಲಿಲ್ಲ.

"ಇವು ಎಲ್ಲಿಂದ ಬಂತಮ್ಮ?"

"ಪರ್ವೀನ್ ಆಂಟಿ ಕೊಟ್ರು ಆಂಟಿ! ಸೂಪರ್ ಆಗಿವೆ ಅಲ್ವಾ? ಇನ್ನೂ ಬರುತ್ತೆ, ಹಬ್ಬ ಆದ್ಮೇಲೆ ಎಲ್ಲಾ ನಿಂಗೇ ಅಂದಿದ್ದಾರೆ."

ಎಲ್ಲಾ ನಿಂಗೇ! ಆಂಜನಮ್ಮನಿಗೆ ಸೀಸೆ ಹೋದದ್ದು ಒಂದು ನೋವು. ಆ ಸೀಸೆಗಳು ತಮ್ಮದೇ ಕಟ್ಟಡದ ಮೆಟ್ಟಿಲು ಹತ್ತಿ, ತಮ್ಮದೇ ಬಾಗಿಲ ಮುಂದೆ ಹಾದು, ತಾವು ಒಳಗೆ ಕೂತು ತೊಗರಿಬೇಳೆ ಆರಿಸುತ್ತಿದ್ದಾಗಲೇ ಮೇಲೆ ಹೋಗಿದ್ದವಲ್ಲ, ಆ ನೋವಿಗೆ ಮುಲಾಮಿಲ್ಲ.

"ಬೆನ್ನಿಗೆ ಚೂರಿ ಹಾಕ್ಬಿಟ್ಲು ಕಣ್ರೀ," ಎಂದರು ಕೆಳಗಿಳಿದು ಬಂದು.

"ಯಾರು? ಏನು?" ಎಂದರು ಮುನಿಆಂಜನಪ್ಪ.

"ಪರ್ವೀನು. ನನ್ ಸೀಸೆಗೆ ನವಿಲು ಬರೆಸಿ ಲೈಟ್ ಹಾಕ್ಸಿದ್ದಾಳೆ."

ಮುನಿಆಂಜನಪ್ಪನವರಿಗೆ ಇದು ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಉದಾರವಾಗಿ, "ಹೋಗ್ಲಿ ಬಿಡು, ನಾನು ಬೇಗ ಬೇಗ ಎರಡು ಬಾಟ್ಲು ಖಾಲಿ ಮಾಡ್ಕೊಡ್ತೀನಿ," ಎಂದು ಪ್ರಾಣತ್ಯಾಗಕ್ಕೂ ಸಿದ್ಧರಾದರು. ಆಂಜನಮ್ಮ ನೋಡಿದ ನೋಟಕ್ಕೆ ಎದ್ದು ಹೊರಗೆ ಹೋದರು.

ಯುದ್ಧ ಘೋಷಣೆಯಾಯಿತು. ಆ ಬೀದಿಯಲ್ಲಿ ಯುದ್ಧ ಘೋಷಿಸುವುದು ಬಾಯಿಂದಲ್ಲ, ಒಬ್ಬಟ್ಟಿನಿಂದ. ಪ್ರತಿ ಯುಗಾದಿಗೂ ತುಪ್ಪ ಸವರಿದ ಒಬ್ಬಟ್ಟು ಬಾಳೆಲೆಯಲ್ಲಿ ಸುತ್ತಿಕೊಂಡು ಪರ್ವೀನ್ ಮನೆಗೆ ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ಬಷೀರ್ ಅಂಗಡಿಗೆ ಹೋಯಿತು, ಗ್ಯಾಸಿನವನಿಗೆ ಹೋಯಿತು, ಎಷ್ಟೋ ವರ್ಷದ ಮೇಲೆ ಜಟ್ಟೆಮ್ಮನ ಮನೆಗೂ ಹೋಯಿತು. ದ್ರೋಹ ಮಾಡಿದವರಿಗೆ ಒಬ್ಬಟ್ಟಿಲ್ಲ. ರಾತ್ರಿ ಮಲಗುವ ಮುನ್ನ ಆಂಜನಮ್ಮ ಮೇಲಿನ ಹಲಗೆಯ ಆ ಖಾಲಿ ಜಾಗವನ್ನು ನೋಡಿ ಕಣ್ಣೊರೆಸಿಕೊಂಡದ್ದು ಮಾತ್ರ ಯುದ್ಧದ ಸುದ್ದಿಯಲ್ಲಿ ಸೇರಲಿಲ್ಲ.

ಮರುದಿನ ವರ್ಷತೊಡಕು. ಈ ಸಲ ರಂಜಾನ್ ಹಬ್ಬವೂ ಅಂದೇ ಬಂದಿತ್ತು. ಒಲೆಯ ಮೇಲೆ ಮಟನ್ ಕುದಿಯುತ್ತಿರುವಾಗ ಬಾಗಿಲಲ್ಲಿ ಅತ್ತರಿನ ವಾಸನೆ. ಹೊಸ ಬಟ್ಟೆ ಉಟ್ಟ ಪರ್ವೀನ್, ಕೈಯಲ್ಲಿ ಶೀರ್ ಖುರ್ಮಾ ಪಾಯಸದ ಸ್ಟೀಲ್ ಡಬ್ಬಿ.

"ಕ್ಯಾ ಅಕ್ಕ, ಈ ಸಲ ಒಬ್ಬಟ್ಟು ಮಾಡ್ಲಿಲ್ವಾ?"

"ಮಾಡ್ದೆ. ಮೇಲೆ ಹಂಸ ಇದಾಳಲ್ಲ, ಅವಳ್ನ ಕೇಳು. ಲೈಟ್ ಹಾಕಿ ತೋರಿಸ್ತಾಳೆ."

ಪರ್ವೀನ್ ಚಪ್ಪಲಿ ಬಿಟ್ಟು ಒಳಗೆ ಬಂದು, ಡಬ್ಬಿಯನ್ನು ಠಣ್ಣನೆ ಮೇಜಿನ ಮೇಲಿಟ್ಟರು. ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆಸಿತ್ತು.

"ನೋಡಿ ಅಕ್ಕ, ಇದ್ರಲ್ಲಿ ಹೆಸರು ಹಾಕ್ಸಿದ್ದೀನಿ. ಇದಾದ್ರೂ ವಾಪಸ್ ಬರ್ಲಿ ಅಂತ."

"ಅಂದ್ರೆ?"

"ಅಂದ್ರೆ ಏನು? ವರ್ಷ ವರ್ಷ ಸೀಸೆ ಕಳಿಸ್ದೆ. ಒಂದಾದ್ರೂ ವಾಪಸ್ ಬಂತಾ?"

ಆಂಜನಮ್ಮನಿಗೆ ನಗು ಬಂತು. "ಅಯ್ಯೋ ಹುಚ್ಚಿ, ಖಾಲಿ ಸೀಸೆ ಕೊಟ್ಟೆ, ಇಟ್ಕೊಂಡೆ. ಖಾಲಿ ಕೊಟ್ಟಿದ್ನ ಯಾರಾದ್ರೂ ವಾಪಸ್ ಕೊಡ್ತಾರಾ?"

"ಖಾಲಿ ಎಲ್ಲಿತ್ತು? ಖರ್ಜೂರ ಇತ್ತಲ್ಲ!"

"ಒಂದು ಖರ್ಜೂರ!"

"ಒಂದಿರ್ಲಿ, ಒಂದು ಕೇಜಿ ಇರ್ಲಿ. ತುಂಬಿ ಬಂದ ಪಾತ್ರೆ ತುಂಬಿ ವಾಪಸ್ ಹೋಗ್ಬೇಕು ಅಂತ ನಂಗೆ ಹೇಳ್ಕೊಟ್ಟಿದ್ದು ಯಾರು? ಮೇಲೆ ಬಾಡಿಗೆಗಿದ್ದಾಗ ಒಂದ್ಸಲ ನಿಮ್ಮ ಕುಕ್ಕರ್ ತೊಳ್ದು ಹಾಗೇ ಕೊಟ್ಟೆ ಅಂತ ಮೆಟ್ಟಿಲ ಮೇಲೆ ನಿಲ್ಲಿಸಿ ಬೈದವ್ರು ಯಾರು? ಮೊದಲನೇ ವರ್ಷ ನಾನು ಕಾದೆ. ಅಕ್ಕ ಏನೋ ದೊಡ್ಡದಾಗಿ ತುಂಬಿ ಕಳಿಸ್ತಾರೆ ಅಂದ್ಕೊಂಡೆ. ಎರಡನೇ ವರ್ಷನೂ ಕಾದೆ. ಆಮೇಲೆ ಇಲ್ಲಿ ಬಂದು ನೋಡಿದ್ರೆ ನನ್ ಸೀಸೆ ಎಲ್ಲಾ ಮೇಲೆ ನಿಂತಿವೆ, ಸಾಲಾಗಿ! ಕೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ. ಆ ಹಂಸ ಚಿಕ್ ಹುಡ್ಗಿ. ಒಂದು ಸೀಸೆ ಕೊಟ್ರೆ ವಾರದೊಳಗೆ ಚಾಕ್ಲೇಟ್ ತುಂಬಿ ತಂದುಕೊಟ್ಲು. ಅದಕ್ಕೇ ಮಿಕ್ಕಿದ್ದೆಲ್ಲಾ ಅವಳಿಗೇ ಕೊಟ್ಟೆ."

ಆಂಜನಮ್ಮ ಕೊನೆಯ ಅಸ್ತ್ರ ತೆಗೆದರು. "ಮತ್ತೆ ಪ್ರತಿ ವರ್ಷ ಒಬ್ಬಟ್ಟು ಕಳಿಸ್ತಿದ್ನಲ್ಲ, ಅದು?"

"ಅದು ಎಲೇಲಿ ಬರ್ತಿತ್ತು ಅಕ್ಕ. ಎಲೆ ಯಾರಾದ್ರೂ ವಾಪಸ್ ಕೊಡ್ತಾರಾ?"

ಅಸ್ತ್ರ ಠುಸ್ಸೆಂದಿತು. ತಮ್ಮದೇ ಸಂವಿಧಾನ, ಒಂದೇ ಕಲಮು. ಅದರ ಕೆಳಗೆ ತಾವೇ ಅಪರಾಧಿ. ಜಟ್ಟೆಮ್ಮ ಖಾಲಿ ಡಬ್ಬಿಯನ್ನಾದರೂ ವಾಪಸ್ಸು ಕೊಟ್ಟಿದ್ದರು. ತಾವು ಡಬ್ಬಿಯನ್ನೇ ನುಂಗಿದವರ ಪಂಗಡಕ್ಕೆ ಸೇರಿದ್ದರು. ಇಷ್ಟು ದಿನ ಪರ್ವೀನ್ ದ್ರೋಹಿಯಾಗಿದ್ದರೆ ಸುಖವಿತ್ತು, ಸಿಟ್ಟಿಗೆ ಒಂದು ವಿಳಾಸವಿತ್ತು. ಈಗ ದ್ರೋಹ ಬಗೆದದ್ದು ಪೊರಕೆಕಡ್ಡಿಯಿಂದ ಮೀಟಿ ತೆಗೆದ ಒಂದು ಖರ್ಜೂರ. ಅದನ್ನು ತಿಂದವರು ಮೂಲೆಯಲ್ಲಿ ಕೂತು ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದರು.

"ನೀವಾದ್ರೂ ಹೇಳ್ಬಾರ್ದಾಗಿತ್ತಾ?" ಎಂದು ಆಂಜನಮ್ಮ ಗಂಡನ ಮೇಲೆ ತಿರುಗಿದರು.

"ನಂಗೇನ್ ಗೊತ್ತು? ನನ್ ಬಾಟ್ಲು ಯಾರೂ ವಾಪಸ್ ಕೇಳಲ್ಲ," ಎಂದರು ಪೇಪರಿನ ಹಿಂದಿನಿಂದ.

ಆ ಮಧ್ಯಾಹ್ನ ಸಾಮ್ರಾಜ್ಯ ಪತನವಾಯಿತು. ಪರ್ವೀನ್ ಎಷ್ಟು ಬೇಡವೆಂದರೂ ಆಂಜನಮ್ಮ ಕೇಳಲಿಲ್ಲ. ಕಾನೂನು ಬರೆದವರು ತಾವೇ ಮುರಿದರೆ ಹೇಗೆ? ಹಳೇ ಬೇಳೆಕಾಳೆಲ್ಲ ಹೊರಬಂದು ರಬ್ಬರ್‌ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಕವರುಗಳಿಗೆ ಇಳಿಯಿತು. ಸೀಸೆಗಳಿಗೆ ಹುಚ್ಚೆಳ್ಳಿನ ಪುಡಿ, ಹುರಿಗಡಲೆ, ಬೆಲ್ಲದ ಪುಡಿ, ಮನೆಯಲ್ಲೇ ಕುಟ್ಟಿದ ಸಾರಿನ ಪುಡಿ ಏರಿದವು. ಒಂದೊಂದು ಸೀಸೆ ಕೆಳಗಿಳಿಯುವಾಗಲೂ ಆಂಜನಮ್ಮ ಅದರ ಭುಜದ ಗುಲಾಬಿಯನ್ನು ಸೆರಗಿನಿಂದ ಒರೆಸಿದರು. ಸಂಜೆ ನಜೀರ್ ಆಟೋದಲ್ಲಿ ಬಂದು, ತೊಟ್ಟಿಲ ಕೂಸುಗಳನ್ನು ಸಾಗಿಸುವಂತೆ ಅಷ್ಟನ್ನೂ ಒಯ್ದರು. ಮೇಲಿನ ಹಲಗೆಯಲ್ಲಿ ಸೀಸೆಗಳ ಬುಡದ ದುಂಡು ಗುರುತುಗಳು ಮಾತ್ರ ಉಳಿದವು.

ಅಡುಗೆಮನೆ ಆಂಜನಮ್ಮನ ಮಾತು ಕೇಳುವುದನ್ನು ನಿಲ್ಲಿಸಿತು. ಹೆಸರುಕಾಳು ಹುಡುಕಿದರೆ ಅಲಸಂದೆ ಸಿಗುತ್ತಿತ್ತು. ಕವರು ಹರಿದು ತೊಗರಿಬೇಳೆ ನೆಲದ ತುಂಬ ಉರುಳಿತು. "ಎಲ್ಲಾ ಸೇರಿ ನಂಗೆ ಮೋಸ ಮಾಡಿದ್ರಿ," ಎಂದು ಅವರು ಬೇಳೆಗೂ ಬೈದರು.

ವಾರ ಕಳೆಯುವುದರೊಳಗೆ ಪರ್ವೀನ್ ಬಂದರು. ಬುರ್ಖಾದ ಒಳಗಿಂದ ಒಂದು ಸೀಸೆ ತೆಗೆದು ಆಂಜನಮ್ಮನ ಕೈಗಿಟ್ಟರು. ಆಂಜನಮ್ಮ ಅದನ್ನು ಬೆಳಕಿಗೆ ಹಿಡಿದರು, ತಲೆಕೆಳಗು ಮಾಡಿದರು, ಅಲ್ಲಾಡಿಸಿದರು. ಒಂದು ಸಾಸಿವೆ ಕಾಳೂ ಇರಲಿಲ್ಲ. ಅವರ ಮುಖ ಕೆಂಪಾಯಿತು.

"ಖಾಲಿ ತಂದಿದ್ದೀಯಾ? ನಂಗೆ?"

"ಹೌದು ಅಕ್ಕ. ಈ ಸಲ ಏನೂ ಹಾಕಿಲ್ಲ. ಇಟ್ಕೊಳ್ಳಿ," ಎಂದ ಪರ್ವೀನ್, ಎಂದಿನಂತೆ ಕಾಫಿ ಕೇಳಿ, ಕುಡಿದು ಹೋದರು.

ಆ ದಿನವೆಲ್ಲ ಆಂಜನಮ್ಮ ಗೊಣಗಿದರು. "ಖಾಲಿ ಸೀಸೆ ಕಳಿಸ್ತಾಳೆ ನಂಗೆ! ಎಷ್ಟು ಸೊಕ್ಕು ನೋಡಿ!" ಹೀಗೆ ಗೊಣಗುತ್ತಲೇ ಸೀಸೆಯನ್ನು ತೊಳೆದು, ಒಣಗಿಸಿ, ಮೇಲಿನ ಹಲಗೆಯ ಕೊನೆಯಲ್ಲಿ, ಕಿಟಕಿಯ ಪಕ್ಕದ ಆ ಜಾಗದಲ್ಲಿ ಒಂಟಿಯಾಗಿ ನಿಲ್ಲಿಸಿದರು.

ಮರುದಿನ ಬೆಳಗ್ಗೆ ಮುನಿಆಂಜನಪ್ಪ ಹೆಂಡತಿಯ ಮನಸ್ಸು ಗೆಲ್ಲುವ ಉತ್ಸಾಹದಲ್ಲಿ ಒಂದು ಕೈಯಲ್ಲಿ ಹೆಸರುಕಾಳಿನ ಕವರು, ಇನ್ನೊಂದರಲ್ಲಿ ಆಲಿಕೆ ಹಿಡಿದು ಸ್ಟೂಲ್ ಹತ್ತಿದರು. ಆಲಿಕೆ ಸೀಸೆಯ ಬಾಯಿಗೆ ತಗಲುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಮುಟ್ಬೇಡಿ! ಅದು ಖಾಲೀನೇ ಇರ್ಬೇಕು."

"ಯಾಕೇ? ಕಾಳು ಹಾಕೋಕೇ ತಾನೇ ಸೀಸೆ?"

"ತುಂಬಿದ್ರೆ ವಾಪಸ್ ಕೊಡ್ಬೇಕಾಗುತ್ತೆ," ಎಂದರು ಆಂಜನಮ್ಮ. "ಇಳೀರಿ ಕೆಳಗೆ."